‘ಆಕತ್ತಿದ್ನಿ’ಯಲ್ಲಿದೆ ಇಂಗ್ಲಿಷ್ ವ್ಯಾಕರಣ

‘ನಾನು ದಿನಾಲೂ ನಡೆದುಕೊಂಡು ಶಾಲೆಗೆ ಹೋಗುತ್ತಿದ್ದೆ’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ಅನುವಾದಿಸಲು ಹೈಸ್ಕೂಲು ಮಕ್ಕಳಿಗೆ ಹೇಳಿ ನೋಡಿ. ಬಹಳಷ್ಟು ಮಕ್ಕಳು ‘ಐ ವಾಸ್ ಗೋಯಿಂಗ್’ ಎಂದೇ ಆರಂಭಿಸುತ್ತಾರೆ. ಗುರುಗಳು ಕೆಂಪು ಗೆರೆ ಎಳೆಯುತ್ತಾರೆ. ತಪ್ಪೇನೆಂಬುದು ಮಾತ್ರ ಮಗುವಿಗೆ ತಿಳಿಯುವುದಿಲ್ಲ.

ಪುಸ್ತಕದ ಕನ್ನಡದಲ್ಲಿ ‘ಹೋಗುತ್ತಿದ್ದೆ’ ಎಂಬ ಒಂದೇ ರೂಪ ಎರಡು ಕೆಲಸ ಮಾಡುತ್ತದೆ. ದಿನದ ರೂಢಿಗೂ ಅದೇ, ಆ ಗಳಿಗೆಯಲ್ಲಿ ನಡೆದಿದ್ದ ಕ್ರಿಯೆಗೂ ಅದೇ. ಇಂಗ್ಲಿಷಿನಲ್ಲಿ ರೂಢಿಗೆ ‘ಯೂಸ್ಡ್ ಟು ಗೋ’ ಅಥವಾ ಬರಿಯ ‘ವೆಂಟ್’. ಇನ್ನೂ ಮುಗಿಯದೆ ನಡೆದಿದ್ದ ಕ್ರಿಯೆಗೆ ‘ವಾಸ್ ಗೋಯಿಂಗ್’.

ಆದರೆ ಬೆಳಗಾವಿ ಜಿಲ್ಲೆಯ ಅಲಖನೂರದಂಥ ಊರಿನ ಮಗುವಿಗೆ ಈ ಭೇದ ಹೊಸದೇನಲ್ಲ. ಮನೆಯಲ್ಲಿ ಅದು ‘ದಿನಾ ಕಬ್ಬಿಗೆ ನೀರ ಹಾಯಸ್ತಿದ್ನಿ’ ಎನ್ನುತ್ತದೆ. ‘ನೀ ಬಂದಾಗ ನೀರ ಹಾಯಸಾಕತ್ತಿದ್ನಿ’ ಎನ್ನುತ್ತದೆ. ಎಂದೂ ಅದಲುಬದಲು ಮಾಡುವುದಿಲ್ಲ. ‘ಹಾಯಿಸಲಿಕ್ಕೆ ಹತ್ತಿದ್ದೆ’ ಎಂಬುದೇ ಸವೆದು ಹೀಗಾಗಿದೆ. ಇದೇ ಅಲ್ಲವೇ ಪಾಸ್ಟ್ ಕಂಟಿನ್ಯುವಸ್? ನಿಪ್ಪಾಣಿ ಕಡೆ ಮರಾಠಿ ಬಲ್ಲ ಮಕ್ಕಳಿಗಂತೂ ಇನ್ನೊಂದು ಆಧಾರವಿದೆ: ‘ಕರತ ಹೋತೊ’ ಬೇರೆ, ‘ಕರಾಯಚೊ’ ಬೇರೆ. ನಾವೋ, ಮನೆಮಾತನ್ನು ‘ಅಶುದ್ಧ’ವೆಂದು ತರಗತಿಯ ಬಾಗಿಲಲ್ಲೇ ನಿಲ್ಲಿಸಿ, ಒಳಗೆ ಸೂತ್ರ ಬಾಯಿಪಾಠ ಮಾಡಿಸುತ್ತೇವೆ!

ನಾನು ಕಲಿಸುವುದು ವಿಜ್ಞಾನ. ಪ್ರಯೋಗದ ವರದಿಗೂ ಈ ಭೇದ ಬೇಕು. ಉಷ್ಣಮಾಪಕ ಇಟ್ಟಾಗ ನೀರು ‘ವಾಸ್ ಬಾಯ್ಲಿಂಗ್’ ಎಂದರೆ ಮೊದಲೇ ಕುದಿಯಾಕತ್ತಿತ್ತು. ಅಂದರೆ ಕಾಯುವ ಮುಂಚಿನ ಉಷ್ಣತೆ ನಿಮಗೆ ಸಿಕ್ಕೇ ಇಲ್ಲ. ‘ಬಾಯ್ಲ್ಡ್’ ಎಂದರೆ ಇಟ್ಟ ಮೇಲೆ ಕುದಿಯಿತು ಎಂದಾಗುತ್ತದೆ.

‘ನಮಗೆ ಎರಡು ಎತ್ತುಗಳಿದ್ದವು’ ಎಂಬುದಕ್ಕೆ ‘ವಿ ವರ್ ಹ್ಯಾವಿಂಗ್ ಟೂ ಆಕ್ಸನ್’ ಎಂದು ಬರೆದವನನ್ನು ಕೇಳಿ: ‘ಎತ್ತು ಇರಾಕತ್ತಿದ್ವು ಅಂತೀಯೇನೋ ತಮ್ಮಾ?’ ಇಡೀ ತರಗತಿ ನಗುತ್ತದೆ, ಬರೆದವನೂ ನಗುತ್ತಾನೆ. ‘ಐ ವಾಸ್ ನೋಯಿಂಗ್’ ಕೂಡ ಈ ಪರೀಕ್ಷೆಯಲ್ಲಿ ನಪಾಸು. ‘ವಿ ವರ್ ಹ್ಯಾವಿಂಗ್ ಲಂಚ್’ ಮಾತ್ರ ಪಾಸು, ಏಕೆಂದರೆ ಅಲ್ಲಿ ಉಣ್ಣಾಕತ್ತಿರುತ್ತೇವೆ.

ಎಲ್ಲ ಕಡೆ ಈ ಉಪಾಯ ನಡೆಯುತ್ತದೆಂದಲ್ಲ. ‘ಅಜ್ಜ ಕಟ್ಟಿ ಮ್ಯಾಲ ಕುಂತಿದ್ದ’ ಎನ್ನುತ್ತೇವೆಯೇ ಹೊರತು ‘ಕುಂಡ್ರಾಕತ್ತಿದ್ದ’ ಎನ್ನುವುದಿಲ್ಲ; ಹಾಗೆಂದರೆ ಅಜ್ಜ ಇನ್ನೂ ಮಂಡಿ ಮಡಚುತ್ತಿದ್ದಾನೆ ಎಂದರ್ಥ. ಇಂಗ್ಲಿಷಿನಲ್ಲಾದರೋ ಆತ ‘ವಾಸ್ ಸಿಟ್ಟಿಂಗ್’. ನಿಂತಿದ್ದ, ಮಲಗಿದ್ದ ಎಂಬುವುಗಳದ್ದೂ ಇದೇ ಕತೆ. ಇಂಥ ನಾಲ್ಕಾರನ್ನು ಬೇರೆಯಾಗಿಯೇ ಕಲಿಸಬೇಕು.