ಟರ್ಕಿಯ ಹೊಸಬರಿಗೆ ಒಂದು ದಿನ ಸಾಕು

ಬೆಳಗ್ಗೆ ಮೆಮೋಗೆ ಹಾಸಿಗೆಯಿಂದ ಏಳಲಾಗುತ್ತಿಲ್ಲ. ಪೂರ್ವ ಅನಾತೋಲಿಯಾದ ಬೆಟ್ಟಗಳ ನಡುವಿನ ವಸತಿ ಶಾಲೆ, ಹೊರಗೆಲ್ಲ ಹಿಮ. ಹಿಂದಿನ ರಾತ್ರಿ ಸ್ನಾನದ ಮನೆಯಲ್ಲಿ ಗಲಾಟೆ ಮಾಡಿದ್ದಕ್ಕೆ ಮೇಷ್ಟ್ರು ಹುಡುಗರಿಗೆ ತಣ್ಣೀರು ಸುರಿದುಕೊಳ್ಳುವ ಶಿಕ್ಷೆ ಕೊಟ್ಟಿದ್ದರು. ಗೆಳೆಯ ಯೂಸುಫ್ ಮೇಷ್ಟ್ರುಗಳ ಹಿಂದೆ ಸುತ್ತುತ್ತಾನೆ. ಅವನ ಮಾತಿಗೆ ಕಿವಿಗೊಡುವವರಿಲ್ಲ. ಕೊನೆಗೆ ದೊಡ್ಡವರೆಲ್ಲ ಹುಡುಗನ ಸುತ್ತ ಸೇರಿದಾಗ ಶುರುವಾಗುವುದು ತಪ್ಪನ್ನು ಯಾರ ತಲೆಗೆ ಕಟ್ಟುವುದೆಂಬ ಜಗಳ. ಮೆಮೋ ಮಲಗಿರುವ ಕೋಣೆಗೆ ಕಾಲಿಟ್ಟವರೆಲ್ಲ ಒಬ್ಬರಾದ ಮೇಲೊಬ್ಬರು ಒದ್ದೆ ನೆಲದ ಮೇಲೆ ಜಾರುತ್ತಾರೆ. ನಗು ಬರುತ್ತದೆ, ನಕ್ಕಿದ್ದಕ್ಕೆ ಮುಜುಗರವೂ ಆಗುತ್ತದೆ.

ಫೆರಿತ್ ಕರಹಾನ್ ಅವರ 'ಬ್ರದರ್ಸ್ ಕೀಪರ್' ಇದು. 2021ರ ಬರ್ಲಿನ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಪಡೆಯಿತು. ಕುರ್ದಿಷ್ ಮಕ್ಕಳು ಓದುವ ಇಂಥದೇ ಶಾಲೆಯಲ್ಲಿ ಕರಹಾನ್ ಕೂಡ ಓದಿದವರು.

ಟರ್ಕಿಯ ಹೊಸ ನಿರ್ದೇಶಕರ ಚಿತ್ರಗಳನ್ನು ಆನ್‌ಲೈನ್ ಉತ್ಸವಗಳಲ್ಲಿ ಸಾಲಾಗಿ ನೋಡುವಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಕರಹಾನ್ ಸೇರಿದಂತೆ ಇವರಲ್ಲಿ ಹಲವರ ಕಥೆ ಒಂದೇ ದಿನದಲ್ಲಿ ಮುಗಿಯುತ್ತದೆ. ಸೆಲ್ಮಾನ್ ನಜಾರ್ ಅವರ ಮೊದಲ ಚಿತ್ರ 'ಬಿಟ್ವೀನ್ ಟೂ ಡಾನ್ಸ್'ನಲ್ಲಿ (2021) ಜವಳಿ ಕಾರ್ಖಾನೆಯ ಯಂತ್ರಕ್ಕೆ ಕಾರ್ಮಿಕನೊಬ್ಬ ಸಿಲುಕುತ್ತಾನೆ. ಮಾಲೀಕರ ಕಿರಿಯ ಮಗ ಕಾದಿರ್ ಮರುದಿನ ಬೆಳಗಾಗುವುದರೊಳಗೆ ಮನೆತನವೋ ಮನಸ್ಸಾಕ್ಷಿಯೋ ತೀರ್ಮಾನಿಸಬೇಕು. ನಜಾರ್ ಕಾನೂನು ಓದಿದವರು. ಸಹಿ ಹಾಕಿಸಿಕೊಳ್ಳುವ ಒಂದು ಕಾಗದಕ್ಕೆ ಎಷ್ಟು ತೂಕವಿದೆಯೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಅಜ್ರಾ ದೆನಿಜ್ ಓಕ್ಯಾಯ್ ಅವರ 'ಗೋಸ್ಟ್ಸ್'ನಲ್ಲಿ ದೇಶಕ್ಕೆಲ್ಲ ಕರೆಂಟ್ ಹೋದ ಒಂದು ದಿನ ಇಸ್ತಾಂಬುಲ್‌ನ ನಾಲ್ವರ ಬದುಕು ಹೆಣೆದುಕೊಳ್ಳುತ್ತದೆ. 2020ರಲ್ಲಿ ವೆನಿಸ್ ಚಿತ್ರೋತ್ಸವದ ವಿಮರ್ಶಕರ ವಾರದಲ್ಲಿ ದೊಡ್ಡ ಬಹುಮಾನ ಅದಕ್ಕೇ ಸಿಕ್ಕಿತು.

ಒಂದೇ ದಿನದ ಕಥೆಗೆ ಖರ್ಚು ಕಡಿಮೆ, ನಿಜ. ಆದರೆ ಟರ್ಕಿಯ ಹಿರಿಯ ನಿರ್ದೇಶಕ ನುರಿ ಬಿಲ್ಗೆ ಜೆಯ್ಲಾನ್ ಅವರ ಋತುಗಳನ್ನೇ ಕಾಯುವ ನಿಧಾನದ ಲಯದಿಂದ ಬಿಡಿಸಿಕೊಳ್ಳುವ ಹಟವೂ ಇದರಲ್ಲಿದೆ ಎಂದು ನನಗನ್ನಿಸುತ್ತದೆ. 2014ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದ ಆ ಹಿರಿಯರ ನೆರಳು ಸಣ್ಣದಲ್ಲ.

ಇನ್ನು ಟರ್ಕಿಯ ಥಿಯೇಟರುಗಳಲ್ಲಿ ಜನಪ್ರಿಯ ಕಾಮಿಡಿಗಳದ್ದೇ ಕಾರುಬಾರು. ಉತ್ಸವಗಳೂ ನಿರಾತಂಕವಲ್ಲ: 2015ರಲ್ಲಿ ಇಸ್ತಾಂಬುಲ್ ಉತ್ಸವದಲ್ಲಿ 'ಬಾಕುರ್' ಸಾಕ್ಷ್ಯಚಿತ್ರದ ಪ್ರದರ್ಶನ ಪ್ರಮಾಣಪತ್ರದ ನೆಪದಲ್ಲಿ ನಿಂತಾಗ ಅನೇಕ ನಿರ್ದೇಶಕರು ತಮ್ಮ ಚಿತ್ರಗಳನ್ನು ಹಿಂದಕ್ಕೆ ಪಡೆದರು. 2023ರಲ್ಲಿ ಮತ್ತೊಂದು ಸಾಕ್ಷ್ಯಚಿತ್ರದ ತಕರಾರಿಗೆ ಅಂತಾಲ್ಯಾದ ಹಳೆಯ 'ಚಿನ್ನದ ಕಿತ್ತಳೆ' ಉತ್ಸವವೇ ರದ್ದಾಯಿತು. ಹಾಗಾಗಿ ಹೊಸಬರಿಗೆ ಆನ್‌ಲೈನ್ ಪರದೆ ದೊಡ್ಡ ಆಸರೆ. ಅಂದಹಾಗೆ, ಆಯ್ದ ಚಿತ್ರಗಳ ಆನ್‌ಲೈನ್ ತಾಣ ಮುಬಿಯನ್ನು ಕಟ್ಟಿದ ಎಫೆ ಚಕರೆಲ್ ಕೂಡ ಟರ್ಕಿಯವರೇ.

ನೋಡಲು ಕೂರುವ ಮುನ್ನ ಎರಡು ಮಾತು. ಆನ್‌ಲೈನ್ ಉತ್ಸವದ ಚಿತ್ರಗಳೆಲ್ಲ ಎಲ್ಲ ದೇಶಗಳಲ್ಲೂ ತೆರೆದುಕೊಳ್ಳುವುದಿಲ್ಲ. ಪ್ರದರ್ಶನದ ಹಕ್ಕು ನಿಮ್ಮ ದೇಶಕ್ಕಿದೆಯೇ ಎಂದು ನೋಡಿಕೊಂಡೇ ಟಿಕೆಟ್ ಕೊಳ್ಳಿ. 'ಬಿಟ್ವೀನ್ ಟೂ ಡಾನ್ಸ್' ಸಿಕ್ಕರೆ ಅದರಿಂದಲೇ ಶುರುಮಾಡಿ. 'ಗೋಸ್ಟ್ಸ್' ಮಾತ್ರ ಫೋನಿನಲ್ಲಿ ಬೇಡ; ಅದರ ಕತ್ತಲೆಗೂ ಕುಣಿತಕ್ಕೂ ದೊಡ್ಡ ಪರದೆಯೇ ಬೇಕು.