ವಿಶ್ವಾಸಿಯ ವಿಚಾರಣೆ: ಅಮೆರಿಕದ ಇವ್ಯಾಂಜೆಲಿಕಲ್ ಚಲನಚಿತ್ರಗಳಲ್ಲಿ ಹಿಂಸೆಯ ಕಥನ

ಒಂದು ವಿಶ್ವವಿದ್ಯಾಲಯ, ಅಲ್ಲೊಬ್ಬ ನಾಸ್ತಿಕ ಪ್ರಾಧ್ಯಾಪಕ. ಪ್ರತಿವರ್ಷವೂ ಆತ ಸೀಮೆಸುಣ್ಣದ ತುಂಡೊಂದನ್ನು ಎತ್ತಿ ಹಿಡಿದು, ದೇವರಿದ್ದರೆ ಇದು ಒಡೆಯದಂತೆ ತಡೆಯಲಿ ಎಂದು ಸವಾಲು ಹಾಕಿ ನೆಲಕ್ಕೆ ಬಿಡುತ್ತಾನೆ. ಅದು ಚೂರಾಗುತ್ತಲೇ ಬಂದಿದೆ. ಒಂದು ವರ್ಷ ವಿಶ್ವಾಸಿಯಾದ ವಿದ್ಯಾರ್ಥಿಯೊಬ್ಬ ಎದ್ದು ನಿಲ್ಲುತ್ತಾನೆ. ಸೀಮೆಸುಣ್ಣ ಪ್ರಾಧ್ಯಾಪಕನ ಕೈಜಾರಿ, ಅಂಗಿಯ ತೋಳು, ಷರಾಯಿಯ ಮಡಿಕೆ, ಬೂಟುಗಳ ಮೇಲೆ ಉರುಳಿ, ಒಡೆಯದೆ ನೆಲ ಸೇರುತ್ತದೆ. ಪ್ರಾಧ್ಯಾಪಕ ಕೊಠಡಿ ಬಿಟ್ಟು ಓಡುತ್ತಾನೆ. ಅಮೆರಿಕದ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ಬಹುಕಾಲ ಬಾಯಿಂದ ಬಾಯಿಗೆ, ಅನಂತರ ಇ-ಮೇಲ್‌ಗಳಲ್ಲಿ ಹರಡಿದ ಈ ಕಥೆಗೆ ನಿಶ್ಚಿತವಾದ ಊರಿಲ್ಲ, ಹೆಸರಿಲ್ಲ. ಆದರೂ ಹೇಳುವವರು ಇದನ್ನು ನಡೆದ ಸಂಗತಿಯೆಂದೇ ಹೇಳುತ್ತಾರೆ. ಇದರ ಸೋದರ ಪಾಠವೊಂದರಲ್ಲಿ ಪ್ರಾಧ್ಯಾಪಕನನ್ನು ತರ್ಕದಿಂದ ಸೋಲಿಸುವ ವಿದ್ಯಾರ್ಥಿಯ ಹೆಸರು ಕೊನೆಯ ಸಾಲಿನಲ್ಲಿ ಐನ್‌ಸ್ಟೈನ್ ಎಂದು ಬಯಲಾಗುತ್ತದೆ. ಅದೇ ಕಥೆ ಭಾರತದಲ್ಲಿ ಹರಡಿದಾಗ ಆ ವಿದ್ಯಾರ್ಥಿ ಕೆಲವೆಡೆ ಅಬ್ದುಲ್ ಕಲಾಂ ಆದದ್ದು ಐತಿಹ್ಯವೊಂದು ನೆಲವನ್ನು ಬದಲಿಸುವ ಕ್ರಮಕ್ಕೆ ಒಳ್ಳೆಯ ನಿದರ್ಶನ.

2014ರಲ್ಲಿ ತೆರೆಕಂಡ, ಹೆರಾಲ್ಡ್ ಕ್ರಾಂಕ್ ನಿರ್ದೇಶನದ ‘ಗಾಡ್ಸ್ ನಾಟ್ ಡೆಡ್’ ಚಿತ್ರದ ಬೀಜ ಈ ಬಗೆಯ ಐತಿಹ್ಯದಲ್ಲಿದೆ. ತತ್ತ್ವಶಾಸ್ತ್ರದ ಪ್ರಾಧ್ಯಾಪಕ ರಾಡಿಸನ್, ‘ದೇವರು ಸತ್ತಿದ್ದಾನೆ’ ಎಂದು ಬರೆದು ಸಹಿ ಮಾಡಿಕೊಡುವಂತೆ ಇಡೀ ತರಗತಿಗೆ ಆಜ್ಞಾಪಿಸುತ್ತಾನೆ. ಜೋಶ್ ವೀಟನ್ ಎಂಬ ಹೊಸ ವಿದ್ಯಾರ್ಥಿ ಒಪ್ಪುವುದಿಲ್ಲ. ದೇವರ ಪರವಾಗಿ ಅವನು ತರಗತಿಯೆದುರು ವಾದಿಸಬೇಕಾಗುತ್ತದೆ. ಕೊನೆಗೆ ಸಹಪಾಠಿಗಳು ಒಬ್ಬೊಬ್ಬರಾಗಿ ಎದ್ದು ಅವನ ಪರ ನಿಲ್ಲುತ್ತಾರೆ. ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡ ದುಃಖವೇ ಪ್ರಾಧ್ಯಾಪಕನ ನಾಸ್ತಿಕತೆಯ ಮೂಲವೆಂದು ತಿಳಿಯುತ್ತದೆ. ಆತ ವಾಹನ ಅಪಘಾತಕ್ಕೆ ಸಿಕ್ಕಿ, ಪಾದ್ರಿಯೊಬ್ಬರ ಸಮ್ಮುಖದಲ್ಲಿ ದೇವರನ್ನು ಒಪ್ಪಿ ಸಾಯುತ್ತಾನೆ. ಸುಮಾರು 20 ಲಕ್ಷ ಡಾಲರ್ ವೆಚ್ಚದ ಈ ಚಿತ್ರ ಅಮೆರಿಕದಲ್ಲೇ 6 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು.

ಕನ್ನಡದ ಓದುಗರಿಗೆ ಈ ಹಂದರ ಹೊಸದಲ್ಲ. ಹಿರಣ್ಯಕಶಿಪು ಪ್ರಹ್ಲಾದನನ್ನು ಕಾಡಿದ ಪುರಾಣವೂ, ದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣ ದೊರೆಯನ್ನು ಮಾದೇಶ್ವರ ಮಣಿಸಿದ ಮಲೆ ಮಹದೇಶ್ವರ ಕಾವ್ಯದ ಭಾಗವೂ ಇದೇ ಜಾತಿಗೆ ಸೇರಿದವು. ಪೀಡಕನ ಅಟ್ಟಹಾಸ, ಎಳೆಯ ಭಕ್ತನ ನಿಶ್ಚಲತೆ, ಪೀಡಕನ ಪತನ ಇವು ಲೋಕದ ಭಕ್ತಿಕಥನಗಳಲ್ಲೆಲ್ಲ ಮರುಕಳಿಸುವ ಆಶಯಗಳು. ಆದುದರಿಂದ ಪಾತ್ರಗಳು ಕಪ್ಪು-ಬಿಳುಪಾಗಿವೆ ಎಂಬ ವಿಮರ್ಶಕರ ಸಾಮಾನ್ಯ ಆಕ್ಷೇಪ ಹೆಚ್ಚು ದೂರ ಹೋಗದು. ಕಪ್ಪು-ಬಿಳುಪು ಜನಪದ ಕಥನದ ಸಹಜ ಬಣ್ಣವೇ ಆಗಿದೆ. ಪ್ರಶ್ನೆ ಇರುವುದು ಬೇರೆ ಕಡೆ. ವಿಲಿಯಂ ಬ್ಯಾಸ್ಕಮ್ 1965ರಲ್ಲಿ ಗದ್ಯಕಥನಗಳನ್ನು ಪುರಾಣ, ಐತಿಹ್ಯ, ಕಥೆ ಎಂದು ವಿಂಗಡಿಸಿದಾಗ, ಕೇಳುಗರು ಅವನ್ನು ನಿಜವೆಂದು ನಂಬುತ್ತಾರೆಯೇ, ಯಾವ ಕಾಲದ ಸಂಗತಿಯೆಂದು ಭಾವಿಸುತ್ತಾರೆ ಎಂಬುದನ್ನು ಮುಖ್ಯ ಅಳತೆಗೋಲಾಗಿ ಬಳಸಿದರು. ಪ್ರಹ್ಲಾದನ ಕಥೆ ಪಕ್ಕದ ಊರಿನ ಕಾಲೇಜಿನಲ್ಲಿ ಕಳೆದ ವರ್ಷ ನಡೆಯಿತೆಂದು ಯಾರೂ ಹೇಳುವುದಿಲ್ಲ. ‘ಗಾಡ್ಸ್ ನಾಟ್ ಡೆಡ್’ ಹೇಳುತ್ತದೆ. ಚಿತ್ರದ ಕೊನೆಯಲ್ಲಿ ವಿಶ್ವವಿದ್ಯಾಲಯಗಳ ವಿರುದ್ಧ ನಡೆದ ನಿಜವಾದ ಮೊಕದ್ದಮೆಗಳ ಉದ್ದನೆಯ ಪಟ್ಟಿ ಪರದೆಯ ಮೇಲೆ ಸಾಗುತ್ತದೆ. ಕ್ಯಾಂಪಸ್ಸಿನಲ್ಲಿ ಸಂಘಕಟ್ಟುವ, ಭಾಷಣ ಮಾಡುವ ಹಕ್ಕುಗಳಂತಹ ವಿವಾದಗಳು ನಂಬಿಕೆ ತೊರೆಯೆಂದು ಬರೆಸಿಕೊಂಡ ಕಲ್ಪಿತ ಘಟನೆಗೆ ಸಾಕ್ಷಿಯಾಗಲಾರವು. ಆದರೆ ಪಟ್ಟಿಯನ್ನು ಓದಲು ಪ್ರೇಕ್ಷಕನಿಗೆ ಸಮಯವಿಲ್ಲ. ಅದು ಇದೆಯೆಂಬುದಷ್ಟೇ ಅವನಿಗೆ ಸಾಕು.

ಈ ಪ್ರಕಾರಕ್ಕೆ ಅರ್ಧ ಶತಮಾನದ ಇತಿಹಾಸವಿದೆ. 1971ರಲ್ಲಿ ಮಿಸಿಸಿಪ್ಪಿಯ ಬ್ಯಾಪ್ಟಿಸ್ಟ್ ಬೋಧಕ ಎಸ್ಟಸ್ ಪಿರ್ಕಲ್‌ರ ಪ್ರವಚನವನ್ನಾಧರಿಸಿ ರಾನ್ ಆರ್ಮಂಡ್ ತೆಗೆದ ‘ಇಫ್ ಫುಟ್‌ಮೆನ್ ಟೈರ್ ಯು, ವಾಟ್ ವಿಲ್ ಹಾರ್ಸಸ್ ಡೂ?’ ಚಿತ್ರದಲ್ಲಿ ಪೀಡಕರು ಅಮೆರಿಕವನ್ನು ಆಕ್ರಮಿಸಿದ ಕಮ್ಯುನಿಸ್ಟರು. ಮಿಠಾಯಿಗಾಗಿ ಯೇಸುವನ್ನು ಪ್ರಾರ್ಥಿಸಿರೆಂದು ಮಕ್ಕಳಿಗೆ ಹೇಳಿ, ಸಿಗದಿದ್ದಾಗ ಫಿಡೆಲ್ ಕ್ಯಾಸ್ಟ್ರೊನನ್ನು ಪ್ರಾರ್ಥಿಸಿರೆಂದು ಹೇಳಿಸಿ ಮಿಠಾಯಿ ಹಂಚುವ ದೃಶ್ಯ ಅದರಲ್ಲಿದೆ. ಮರುವರ್ಷ ಬಂದ, ಡೊನಾಲ್ಡ್ ಥಾಂಪ್ಸನ್ ನಿರ್ದೇಶನದ ‘ಎ ಥೀಫ್ ಇನ್ ದಿ ನೈಟ್’ ಹೆಚ್ಚು ಪರಿಣಾಮಕಾರಿಯಾದ ಕೃತಿ. ಪ್ಯಾಟಿ ಎಂಬ ಯುವತಿ ಬೆಳಿಗ್ಗೆ ಎದ್ದಾಗ ಗಂಡನ ಕ್ಷೌರಯಂತ್ರ ಓಡುತ್ತಿದೆ, ಗಂಡನಿಲ್ಲ. ಸಜ್ಜನರನ್ನು ಕ್ರಿಸ್ತನು ಮೇಲಕ್ಕೆ ಎತ್ತಿಕೊಂಡಿದ್ದಾನೆ. ಉಳಿದವರ ಮೇಲೆ ಜಾಗತಿಕ ಸರ್ಕಾರವೊಂದು ಮುದ್ರೆ ಒತ್ತುತ್ತಿದೆ. 19ನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಪ್ರಚುರಪಡಿಸಿದ ಯುಗಾಂತ್ಯದ ವ್ಯಾಖ್ಯಾನವೇ ಇದರ ತಳಹದಿ. ಮುಂದಿನ ಭಾಗಗಳಲ್ಲಿ ಗಿಲೊಟಿನ್ ಕೂಡ ಬರುತ್ತದೆ.

ಈ ಚಿತ್ರ ಮುಖ್ಯವಾಗಿ ಪ್ರದರ್ಶನಗೊಂಡದ್ದು ಚರ್ಚುಗಳಲ್ಲಿ, ಯುವಜನ ಶಿಬಿರಗಳಲ್ಲಿ. ರೀಲು ಮುಗಿದೊಡನೆ ಬೋಧಕ ಎದ್ದು ನಿಂತು, ಇಂದು ರಾತ್ರಿಯೇ ಅವನು ಬಂದರೆ ನೀವು ಸಿದ್ಧರಿದ್ದೀರಾ ಎಂದು ಕೇಳುವುದು ವಾಡಿಕೆಯಾಗಿತ್ತು. ಮನೆಗೆ ಬಂದಾಗ ತಾಯಿ ಕಾಣದಿದ್ದರೆ ತಾನೊಬ್ಬನೇ ಉಳಿದುಬಿಟ್ಟೆನೆಂದು ನಡುಗಿದ ನೆನಪನ್ನು ಆ ಪೀಳಿಗೆಯ ಅನೇಕರು ಹೇಳಿಕೊಂಡಿದ್ದಾರೆ. ಪಠ್ಯ, ಪ್ರದರ್ಶನ, ಸಂದರ್ಭಗಳನ್ನು ಬೇರ್ಪಡಿಸಲಾಗದು ಎಂಬ ಜಾನಪದ ಅಧ್ಯಯನದ ತಿಳಿವಳಿಕೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ತೆರೆಯ ಮೇಲಿನ ಚಿತ್ರಕ್ಕಷ್ಟೇ ಸೀಮಿತವಾದ ವಿಮರ್ಶೆ ಇದರ ಅರ್ಧವನ್ನು ಮಾತ್ರ ಕಂಡಂತೆ. 2014ರ ಚಿತ್ರದಲ್ಲಿ ಬೋಧಕನ ಸ್ಥಾನವನ್ನು ಸಂಗೀತಗೋಷ್ಠಿ ಪಡೆಯಿತು. ಚಿತ್ರದ ಹೆಸರನ್ನೇ ಸಂದೇಶವಾಗಿ ಪರಿಚಿತರಿಗೆಲ್ಲ ಕಳುಹಿಸಿರೆಂಬ ಕರೆಯೊಂದಿಗೆ ಅದು ಮುಗಿಯುತ್ತದೆ.

ಐತಿಹ್ಯದೊಳಗೆ ಕೆಲವೊಮ್ಮೆ ಸತ್ಯದ ತಿರುಳಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. 2014ರಲ್ಲಿ ಹ್ಯೂಸ್ಟನ್ ನಗರಾಡಳಿತ ಮೊಕದ್ದಮೆಯೊಂದರಲ್ಲಿ ಕೆಲವು ಪಾದ್ರಿಗಳ ಪ್ರವಚನಗಳನ್ನು ಹಾಜರುಪಡಿಸುವಂತೆ ಕೇಳಿ, ವಿರೋಧ ಎದ್ದಮೇಲೆ ಹಿಂತೆಗೆದುಕೊಂಡಿತು. 2016ರ ‘ಗಾಡ್ಸ್ ನಾಟ್ ಡೆಡ್ 2’ರಲ್ಲಿ ಇಂಥದೇ ಆದೇಶ ಪಾದ್ರಿಯ ಬಂಧನದಲ್ಲಿ ಕೊನೆಗೊಳ್ಳುತ್ತದೆ, ಹಿಂತೆಗೆದುಕೊಂಡ ಭಾಗ ಕಥೆಯಲ್ಲಿಲ್ಲ. ಅದೇ ಚಿತ್ರದ ಮುಖ್ಯ ಕಥೆಯಲ್ಲಿ, ಗಾಂಧಿ ಮತ್ತು ಮಾರ್ಟಿನ್ ಲೂಥರ್ ಕಿಂಗ್‌ರ ಅಹಿಂಸೆಯ ಪಾಠದಲ್ಲಿ ವಿದ್ಯಾರ್ಥಿನಿಯೊಬ್ಬಳು ಯೇಸುವಿನ ಕುರಿತು ಕೇಳಿದ ಪ್ರಶ್ನೆಗೆ ಉತ್ತರಿಸಿದ ಇತಿಹಾಸದ ಶಿಕ್ಷಕಿಯನ್ನು ನ್ಯಾಯಾಲಯಕ್ಕೆ ಎಳೆಯಲಾಗುತ್ತದೆ. ವಸ್ತುತಃ ಸರ್ಕಾರಿ ಶಾಲೆಗಳಲ್ಲಿ ಧಾರ್ಮಿಕ ವಿಧಿಯಾಗಿ ಬೈಬಲ್ ಪಠಿಸುವುದನ್ನು ನಿಷೇಧಿಸಿದ 1963ರ ಅಬಿಂಗ್ಟನ್-ಶೆಂಪ್ ತೀರ್ಪೇ, ಬೈಬಲನ್ನು ಶೈಕ್ಷಣಿಕವಾಗಿ ಅಭ್ಯಸಿಸುವುದಕ್ಕೆ ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿದೆ. ಶಿಕ್ಷಕಿ ಮಾಡಿದ್ದು ಅಷ್ಟನ್ನೇ. ಅಂದರೆ ಕಥೆ ನಿಂತಿರುವ ಅಪರಾಧವೇ ಅಪರಾಧವಲ್ಲ.

ರಕ್ತಸಾಕ್ಷಿಗಳ ಕಥನ ಬೆಳೆಯುವ ಬಗೆಯೂ ಗಮನಾರ್ಹ. 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದಲ್ಲಿ, ದೇವರನ್ನು ನಂಬುವೆಯಾ ಎಂಬ ಪ್ರಶ್ನೆಗೆ ಹೌದೆಂದು ಉತ್ತರಿಸಿ ಬಾಲಕಿಯೊಬ್ಬಳು ಪ್ರಾಣತೆತ್ತಳೆಂಬ ವೃತ್ತಾಂತ ಚರ್ಚುಗಳಲ್ಲಿ ವ್ಯಾಪಕವಾಗಿ ಹಬ್ಬಿತು. ಆ ಮಾತು ನಡೆದದ್ದು ಬದುಕುಳಿದ ಇನ್ನೊಬ್ಬ ವಿದ್ಯಾರ್ಥಿನಿಯೊಂದಿಗೆ ಎಂದು ತನಿಖೆ ತೋರಿಸಿದ ಮೇಲೂ ಅದು ನಿಲ್ಲಲಿಲ್ಲ. ಅದೇ ದುರಂತದ ಮತ್ತೊಬ್ಬ ಬಲಿಪಶುವನ್ನು ಕುರಿತ ‘ಐಯಾಮ್ ನಾಟ್ ಅಶೇಮ್ಡ್’ 2016ರಲ್ಲಿ ತೆರೆಗೆ ಬಂತು. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ದುಃಖದ ಮುಂದೆ ಇಂತಹ ಪಾಠಭೇದಗಳ ಚರ್ಚೆ ಕಠೋರವೆನಿಸಬಹುದು. ಆದರೆ ಆ ದುಃಖಕ್ಕೆ ಸಿದ್ಧಮಾದರಿಯ ಕಥೆಯೊಂದನ್ನು ತೊಡಿಸಿದ್ದು ಸಂಶೋಧಕರಲ್ಲ. ಪ್ರಾಚೀನ ರಕ್ತಸಾಕ್ಷಿ ಕಥನಗಳಲ್ಲಿ ಅನೇಕವು ಘಟನೆಗಳಿಗಿಂತ ಬಹಳ ತಡವಾಗಿ ರೂಪುಗೊಂಡವೆಂದು ಕ್ಯಾಂಡಿಡಾ ಮಾಸ್ 2013ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಅವರ ನಿಲುವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಡೀಸಿಯಸ್, ಡಯೊಕ್ಲೀಷಿಯನ್‌ರ ಕಾಲದ ಹಿಂಸೆಯನ್ನು ಅಲ್ಲಗಳೆಯಲಾಗದು.

ಪ್ಯೂ ಸಂಶೋಧನಾ ಕೇಂದ್ರದ 2014ರ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕರಲ್ಲಿ ಸುಮಾರು ಶೇ. 70ರಷ್ಟು ಮಂದಿ ತಾವು ಕ್ರೈಸ್ತರೆಂದರು. ಅಂತಹ ನಾಡಿನಲ್ಲಿ ಬಹುಸಂಖ್ಯಾತರು ತಮ್ಮನ್ನು ಬೇಟೆಗೊಳಗಾದವರೆಂದು ಚಿತ್ರಿಸಿಕೊಳ್ಳುವಾಗ ಎರಡು ಬಗೆಯ ಅನ್ಯಾಯ ಸಂಭವಿಸುತ್ತದೆ. ಅನ್ಯರು ಪೀಡಕರ ಸಿದ್ಧ ಅಚ್ಚಿಗೆ ಬೀಳುವುದು ಒಂದು. ‘ಗಾಡ್ಸ್ ನಾಟ್ ಡೆಡ್’ನಲ್ಲಿ ಮಗಳನ್ನು ಹೊಡೆದು ಹೊರಹಾಕುವ ಮುಸ್ಲಿಂ ತಂದೆಗೆ ಆ ಕೆಲಸದ ಹೊರತು ಹೆಚ್ಚಿನ ಬದುಕಿಲ್ಲ. ಇನ್ನೊಂದು, ನಿಜವಾಗಿ ನೊಂದವರು ಮರೆಗೆ ಸರಿಯುವುದು. 2015ರಲ್ಲಿ ಲಿಬಿಯಾದ ಕಡಲತೀರದಲ್ಲಿ ಕೊಲೆಯಾದ ಕಾಪ್ಟಿಕ್ ಕೂಲಿಕಾರರು, 2008ರಲ್ಲಿ ಒಡಿಶಾದ ಕಂಧಮಾಲ್‌ನಲ್ಲಿ ಮನೆ ಕಳೆದುಕೊಂಡವರು, ಅದೇ ವರ್ಷ ಮಂಗಳೂರು ಪರಿಸರದಲ್ಲಿ ದಾಳಿಗೊಳಗಾದ ಪ್ರಾರ್ಥನಾಲಯಗಳು: ಇವುಗಳಿಗೂ ತರಗತಿಯ ವಾಗ್ವಾದಕ್ಕೂ ಒಂದೇ ಪದ ಬಳಕೆಯಾದರೆ ಆ ಪದದ ತೂಕ ಇಳಿಯುತ್ತದೆ. ಅಮೆರಿಕದೊಳಗೇ ಕರಿಯರ ಚರ್ಚುಗಳು ಕಂಡ ಹಿಂಸೆಗೆ, 1963ರ ಬರ್ಮಿಂಗ್‌ಹ್ಯಾಮ್ ಬಾಂಬ್ ಸ್ಫೋಟದಿಂದ 2015ರ ಚಾರ್ಲ್ಸ್‌ಟನ್ ಹತ್ಯೆಗಳವರೆಗೆ, ಈ ಮಾಲಿಕೆ ತೀರ ಕಡಿಮೆ ಎಡೆಕೊಟ್ಟಿದೆ.

ಒಂದು ಅಪವಾದವುಂಟು. 2018ರ ಮೂರನೆಯ ಚಿತ್ರ ‘ಎ ಲೈಟ್ ಇನ್ ಡಾರ್ಕ್‌ನೆಸ್’ನಲ್ಲಿ, ಚರ್ಚು ಸುಟ್ಟುಹೋಗಿ ವಿಶ್ವವಿದ್ಯಾಲಯದೊಡನೆ ಸೆಣಸುವ ಬಿಳಿಯ ಪಾದ್ರಿ ತನಗಾದ ಅನ್ಯಾಯವನ್ನು ತೋಡಿಕೊಂಡಾಗ, ದಕ್ಷಿಣದ ಕರಿಯ ಪಾದ್ರಿಯೊಬ್ಬರು ತಮ್ಮ ಕಿಟಕಿಗಳಿಗೆ ಬಿದ್ದ ಇಟ್ಟಿಗೆಗಳನ್ನು ನೆನಪಿಸಿ ಅವನನ್ನು ತಡೆಯುತ್ತಾರೆ. ಮಾಲಿಕೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ದೃಶ್ಯ ಮತ್ತೊಂದಿಲ್ಲ. ಚಿತ್ರ ಮುಗಿಯುವುದೂ ಗೆಲುವಿನಲ್ಲಲ್ಲ, ರಾಜಿಯಲ್ಲಿ. ಅಮೆರಿಕದಲ್ಲಿ ಎರಡನೆಯ ಚಿತ್ರ 2 ಕೋಟಿ ಡಾಲರಿಗೂ ಹೆಚ್ಚು ಗಳಿಸಿದ್ದರೆ, ಇದು 60 ಲಕ್ಷವನ್ನೂ ಮುಟ್ಟಲಿಲ್ಲ. ಸೋಲಿಗೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೂ ಹಂದರ ಮುರಿದ ಕಥೆಗಾರನಿಗೆ ಕೇಳುಗರು ಸಿಗದಿರುವುದು ಜನಪದ ಸಂಶೋಧಕರಿಗೆ ಅಪರಿಚಿತ ಸಂಗತಿಯಲ್ಲ. 2021ರ ‘ವಿ ದ ಪೀಪಲ್’ ಮತ್ತೆ ವಿಚಾರಣೆಗೆ ಮರಳಿತು. ಈ ಬಾರಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಪೋಷಕರ ಪರವಾಗಿ ಅದೇ ಪಾದ್ರಿ ವಾಷಿಂಗ್ಟನ್‌ಗೆ ಹೋಗುತ್ತಾನೆ. 2024ರ ‘ಇನ್ ಗಾಡ್ ವಿ ಟ್ರಸ್ಟ್’ನಲ್ಲಿ ಅವನು ಕಾಂಗ್ರೆಸ್ಸಿನ ಸ್ಥಾನಕ್ಕೆ ಚುನಾವಣೆಗೇ ನಿಲ್ಲುತ್ತಾನೆ.