ಕೊನೆಯ ಲೇಪ

ಬಣ್ಣ ಬಳಿದು ಮುಗಿಸಿದ ಮಾದರಿಯ ಮೇಲೆ ಬಣ್ಣವೇ ಇಲ್ಲದ ಇನ್ನೊಂದು ಲೇಪವೇಕೆ ಎಂದು ಕೇಳುವವರುಂಟು. ಪ್ರಶ್ನೆ ಸಹಜವಾದುದೇ. ಹಡಗು, ವಿಮಾನ, ರೈಲುಬಂಡಿಗಳ ಕಿರುಮಾದರಿಗಳನ್ನು ಅಳತೆಗೆ ತಪ್ಪದಂತೆ ಕಟ್ಟುವ ಹವ್ಯಾಸಿಗಳು ತಿಂಗಳುಗಟ್ಟಲೆ ದುಡಿದಿರುತ್ತಾರೆ. ಆ ದುಡಿಮೆಯ ಮೇಲೆ ಕೊನೆಗೆ ಹಚ್ಚುವ ಪಾರದರ್ಶಕ ವಾರ್ನಿಷ್ ತಾನು ಕಣ್ಣಿಗೆ ಬೀಳುವುದಿಲ್ಲ. ಆದರೆ ಅದರ ಕೆಳಗಿನದೆಲ್ಲವನ್ನೂ ನಾವು ನೋಡುವುದು ಅದರ ಮೂಲಕವೇ. ಬೆರಳಿನ ಜಿಡ್ಡಿನಿಂದಲೂ ಉಜ್ಜಾಟದಿಂದಲೂ ಅದು ಬಣ್ಣವನ್ನು ಕಾಯುತ್ತದೆ. ಜೊತೆಗೆ, ನೋಡುವವನಿಗೆ ವಸ್ತು ನಿಜವೆನಿಸಬೇಕೋ ಆಟಿಕೆಯೆನಿಸಬೇಕೋ ಎಂಬುದನ್ನೂ ಬಹುಮಟ್ಟಿಗೆ ಅದೇ ತೀರ್ಮಾನಿಸುತ್ತದೆ.

ವಾರ್ನಿಷ್‌ಗಳಲ್ಲಿ ಹೊಳಪಿನದು, ಅರೆಹೊಳಪಿನದು, ಹೊಳಪಿಲ್ಲದ್ದು ಎಂದು ಮೂರು ಬಗೆ. ಹೊಳಪಿನ ವಾರ್ನಿಷ್ ಒಣಗಿದಾಗ ಅದರ ಮೈ ಕನ್ನಡಿಯಂತೆ ನುಣುಪಾಗಿ, ಬೆಳಕನ್ನು ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಕೆಳಗಿನ ಬಣ್ಣ ಗಾಢವಾಗಿ ತೋರುತ್ತದೆ. ಹೊಳಪಿಲ್ಲದ ವಾರ್ನಿಷ್‌ನಲ್ಲಿ ಸಿಲಿಕಾದಂಥ ಅತಿ ಸಣ್ಣ ಕಣಗಳನ್ನು ಬೆರೆಸಿರುತ್ತಾರೆ. ಅವು ಮೈಯನ್ನು ಸೂಕ್ಷ್ಮವಾಗಿ ಒರಟುಗೊಳಿಸಿ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತವೆ. ಬಣ್ಣ ತುಸು ತಿಳಿಯಾಗುತ್ತದೆ. ಈ ಕಣಗಳು ಶೀಶೆಯ ತಳದಲ್ಲಿ ನಿಲ್ಲುವುದರಿಂದ ಬಳಸುವ ಮುನ್ನ ನಿಧಾನವಾಗಿ, ಚೆನ್ನಾಗಿ ಕಲಕಬೇಕು. ಕಲಕದಿದ್ದರೆ ಹೊಳಪು ಅಲ್ಲಲ್ಲಿ ಉಳಿದುಕೊಳ್ಳುತ್ತದೆ, ಇಲ್ಲವೆ ಬಿಳಿಯ ಮಸುಕು ಕವಿಯುತ್ತದೆ.

ಇವುಗಳಲ್ಲಿ ಯಾವುದನ್ನು ಆರಿಸಬೇಕು? 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಕಾವ್ಯದ ಜೀವವೆಂದು ಕರೆದದ್ದು ಔಚಿತ್ಯವನ್ನು. ಇಲ್ಲಿಯೂ ಅದೇ ಮಾತು ಸಲ್ಲುತ್ತದೆ. ಒಂದು ಉದಾಹರಣೆ ನೋಡೋಣ. ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಯುದ್ಧವಿಮಾನ ಎಚ್.ಎಫ್.-24 ಮಾರುತ್. ಅದರ ಉದ್ದ ಸುಮಾರು 16 ಮೀಟರು. 72ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಅದು ಸುಮಾರು 22 ಸೆಂಟಿಮೀಟರಿಗೆ ಇಳಿಯುತ್ತದೆ. ಈ ಮಾದರಿಯನ್ನು ಒಂದಡಿ ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು 72 ಅಡಿ ದೂರದಿಂದ ನೋಡಿದ ಹಾಗೆ. ಅಷ್ಟು ದೂರದಲ್ಲಿ ಹೊಳಪು ಮೃದುವಾಗಿಬಿಡುತ್ತದೆ. ರೆಕ್ಕೆಯನ್ನು ಅಳತೆಗೆ ಇಳಿಸಬಹುದು, ಚಕ್ರವನ್ನು ಇಳಿಸಬಹುದು. ಬೆಳಕು ಮಾತ್ರ ಕಿರಿದಾಗುವುದಿಲ್ಲ. ಆದುದರಿಂದ ಮೂಲವಸ್ತು ಹೊಳೆಯುತ್ತಿದ್ದರೂ ಅದರ ಕಿರುಮಾದರಿಗೆ ಒಂದು ಮೆಟ್ಟಿಲು ಕಡಿಮೆ ಹೊಳಪೇ ಉಚಿತ. ಮರೆವೇಷದ ಬಣ್ಣ ತಳೆದ ಯುದ್ಧವಿಮಾನಕ್ಕಂತೂ ಹೊಳಪಿಲ್ಲದ ಲೇಪವೇ ಸರಿ. ಚಾಲಕನ ಗಾಜಿನ ಮುಸುಕನ್ನು ಮಾತ್ರ ಮುಚ್ಚಿಟ್ಟು ಕಾಪಾಡಬೇಕು. ಗಾಜು ಮಂಕಾದರೆ ವಿಮಾನವೇ ಕುರುಡಾದಂತೆ ಕಾಣುತ್ತದೆ.

ಮಾರುತ್ ನನ್ನ ನೆನಪಿಗೆ ಬರಲು ಕಾರಣವುಂಟು. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮಣ್ಣ ನಿವೃತ್ತಿಯ ನಂತರ ಅದರ ಮಾದರಿಯೊಂದನ್ನು ಮರದಲ್ಲಿ ಕೆತ್ತಿದ. ಎನಾಮೆಲ್ ಬಣ್ಣ ಹಚ್ಚಿ ಮುಗಿಸಿದ. ರೆಕ್ಕೆಯ ಮೇಲಿನ ತ್ರಿವರ್ಣ ವೃತ್ತಗಳು ಲಕೋಟೆಯಲ್ಲೇ ಇರುವಾಗ ತೀರಿಕೊಂಡ. ಉಳಿದ ಕೆಲಸ ನನ್ನ ಪಾಲಿಗೆ ಬಂತು. ಬಾಲದ ಬಳಿ ಅವನ ಕುಂಚದ ಗೆರೆಗಳು ಸ್ಪಷ್ಟವಾಗಿದ್ದವು. ಅವನ್ನು ಉಜ್ಜಿ ಮತ್ತೆ ಬಣ್ಣ ಹಚ್ಚೋಣವೆಂದು ಅಣ್ಣನ ಮಗ ಸೂಚಿಸಿದ. ನಾನು ಒಪ್ಪಲಿಲ್ಲ. ಒಮ್ಮೆ ವಾರ್ನಿಷ್ ಬಿದ್ದಮೇಲೆ ಕೆಳಗಿನ ಬಣ್ಣ ಕೆಡದಂತೆ ಅದನ್ನು ತೆಗೆಯುವುದು ಬಹು ಕಷ್ಟ. ಹಾಗಾಗಿ ಯಾವುದು ಉಳಿಯಬೇಕೆಂಬುದನ್ನು ಮೊದಲೇ ನಿಶ್ಚಯಿಸಬೇಕಾಗುತ್ತದೆ. ಗೆರೆಗಳು ಉಳಿಯಲಿ ಎಂದು ನಿಶ್ಚಯಿಸಿದೆವು.

ಇನ್ನು ಹಚ್ಚುವ ಕ್ರಮ. ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಆ ವೃತ್ತಗಳನ್ನು ಒರಟು ಮೈಯ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಅಂಚೆಲ್ಲ ಬೆಳ್ಳಗಾಗುತ್ತದೆ. ಅದಕ್ಕಾಗಿ ಮೊದಲು ಹೊಳಪಿನ ಲೇಪ, ಅದು ಒಣಗಿದ ಮೇಲೆ ವೃತ್ತಗಳು, ಕೊನೆಗೆ ಹೊಳಪಿಲ್ಲದ ಲೇಪ. ವಾರ್ನಿಷ್‌ನ ಜಾತಿಯನ್ನೂ ವಿಚಾರಿಸಬೇಕು. ಎಣ್ಣೆಯ ವಾರ್ನಿಷ್ ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತದೆ. ಲ್ಯಾಕರ್‌ನ ಬಿರುಸಾದ ಥಿನ್ನರ್ ಕೆಳಗಿನ ಎನಾಮೆಲನ್ನು ಸುಕ್ಕುಗಟ್ಟಿಸಬಹುದು. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ವಾರ್ನಿಷ್ ಇವೆರಡಕ್ಕಿಂತಲೂ ಸೌಮ್ಯವಾದುದು. ಆದರೂ ಅದೇ ಬಣ್ಣ ಹಚ್ಚಿದ ಬೇರೊಂದು ಮರದ ಚೂರಿನ ಮೇಲೆ ಪರೀಕ್ಷಿಸಿ ಒಂದು ದಿನ ಕಾದು ನೋಡುವುದು ಕ್ಷೇಮ.

ದಪ್ಪಗೆ ಒಮ್ಮೆ ಹಚ್ಚುವುದಕ್ಕಿಂತ ತೆಳ್ಳಗೆ ಎರಡು ಮೂರು ಬಾರಿ ಹಚ್ಚುವುದು ಮೇಲು. ಕುಂಚವಾದರೆ ಅಗಲವಾದ ಮೆತ್ತನೆಯದಿರಲಿ. ಒಣಗತೊಡಗಿದ ಜಾಗಕ್ಕೆ ಮತ್ತೆ ಕೈ ಹಾಕಬಾರದು. ಸಿಂಪಡಿಸುವ ಡಬ್ಬಿಯಾದರೆ 20ರಿಂದ 30 ಸೆಂಟಿಮೀಟರು ದೂರದಲ್ಲಿ ಹಿಡಿದು, ಮಾದರಿಯ ಆಚೆಯೇ ಆರಂಭಿಸಿ ಆಚೆಯೇ ನಿಲ್ಲಿಸಬೇಕು. ಗಾಳಿಯಾಡುವ ಜಾಗ ಬೇಕು, ಹತ್ತಿರ ಬೆಂಕಿ ಇರಕೂಡದು. ಮಳೆಗಾಲದಲ್ಲಿ ಸಿಂಪಡಿಸುವ ಆತುರ ಬೇಡ. ದ್ರಾವಕ ಬೇಗ ಆವಿಯಾಗುವಾಗ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಹನಿಗಟ್ಟಿ ಲೇಪ ಬೆಳ್ಳಗೆ ಕಂತುತ್ತದೆ. ನಾನು ಕುಂಚವನ್ನೇ ನೆಚ್ಚಿದರೂ ಜೂನ್‌ನಿಂದ ಅಕ್ಟೋಬರ್ ಮುಗಿಯುವವರೆಗೆ ಕಾದೆ. ಒಣಗುವಷ್ಟು ಕಾಲ ಧೂಳು ಕೂರದಂತೆ ರಟ್ಟಿನ ಪೆಟ್ಟಿಗೆಯೊಂದನ್ನು ಮೇಲೆ ಬೋರಲು ಹಾಕಿಟ್ಟಿದ್ದೆ.

ಈಗ ಆ ಮಾರುತ್ ಅತ್ತಿಗೆಯ ಮನೆಯ ಗಾಜಿನ ಬೀರುವಿನಲ್ಲಿದೆ. ನೋಡಿದವರು ವಿಮಾನದ ಮಾತನ್ನಾಡುತ್ತಾರೆ, ಕೆಲವರು ಬಾಲದ ಬಳಿಯ ಗೆರೆಗಳನ್ನು ಗುರುತಿಸುತ್ತಾರೆ. ವಾರ್ನಿಷ್‌ನ ಸುದ್ದಿ ಯಾರೂ ಎತ್ತಿಲ್ಲ. ಆದರೆ ಪೀಠದ ಅಡಿಯಲ್ಲಿ ಒಂದು ಚೀಟಿ ಅಂಟಿಸಿದ್ದೇನೆ. ಬಣ್ಣ ಯಾವುದು, ಅದರ ಮೇಲಿನ ಲೇಪ ಯಾವುದು, ಹಚ್ಚಿದ ತಿಂಗಳು ವರ್ಷ ಯಾವುದು ಎಂದು ಅದರಲ್ಲಿ ಬರೆದಿದೆ. ಮುಂದೆಂದಾದರೂ ಅದನ್ನು ಶುಚಿಮಾಡಲು ಕೈಗೆತ್ತಿಕೊಳ್ಳುವವರು ಮೊದಲು ಆ ಚೀಟಿಯನ್ನು ಓದಿಕೊಳ್ಳಲಿ.